ವಿಸ್ಕಿಯ ಮೌಲ್ಯಮಾಪನ: ಗ್ರಾಹಕನಿಗೆ ಬೇಕಾದುದು ಲೇಬಲ್ಲಿನ ಸತ್ಯ

ಯಾವುದೇ ಸರಕಿನ ಮಾರುಕಟ್ಟೆ ಪ್ರೌಢವಾಗಿದೆ ಎನ್ನಬೇಕಾದರೆ ಅದರ ಗ್ರಾಹಕನಿಗೆ ಒಂದನ್ನು ಮತ್ತೊಂದರೊಡನೆ ಹೋಲಿಸಿ ನೋಡುವ ಅವಕಾಶವೂ ಸಾಮರ್ಥ್ಯವೂ ಇರಬೇಕು. ಕರಾವಳಿಯ ಅಡಿಕೆ ಪೇಟೆ ಇದಕ್ಕೆ ಉತ್ತಮ ನಿದರ್ಶನ. ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್ ಎಂದು ದಾಸ್ತಾನಿನ ವಯಸ್ಸನ್ನು ಮುಚ್ಚುಮರೆಯಿಲ್ಲದೆ ಹೇಳಿ, ಕಾಯನ್ನು ಒಡೆದು ಒಳಗನ್ನು ನೋಡಿಯೇ ಅಲ್ಲಿ ಬೆಲೆ ಕಟ್ಟಲಾಗುತ್ತದೆ. ಒಡೆದು ನೋಡಲು ಬಿಡದ ಮಾರಾಟಗಾರನಿಂದ ಯಾವ ವ್ಯಾಪಾರಿಯೂ ಒಂದು ಮೂಟೆಯನ್ನೂ ಕೊಳ್ಳುವುದಿಲ್ಲ.

ಆದರೆ ಅದೇ ವ್ಯಾಪಾರಿ ಸಂಜೆ ವಿಸ್ಕಿಯ ಬಾಟಲಿ ಕೊಳ್ಳುವಾಗ ಮಾತ್ರ ಹೆಸರು, ಬೆಲೆ ಮತ್ತು ಪೆಟ್ಟಿಗೆಯ ಬಣ್ಣವನ್ನಷ್ಟೇ ನಂಬುತ್ತಾನೆ. ಪ್ರಮಾಣದ ದೃಷ್ಟಿಯಿಂದ ಜಗತ್ತಿನಲ್ಲೇ ಅತಿ ದೊಡ್ಡದೆನಿಸಿದ ವಿಸ್ಕಿ ಮಾರುಕಟ್ಟೆಯ ಸ್ಥಿತಿ ಇದು. ಈ ಹಿನ್ನೆಲೆಯಲ್ಲಿ, ಮನೆಯಲ್ಲಿ ಕುಳಿತು ವಿಸ್ಕಿಗಳನ್ನು ಹೋಲಿಸಿ ರುಚಿ ನೋಡುವ ಹವ್ಯಾಸಿಗಳ ಒಂದು ಸಣ್ಣ ವರ್ಗ ಬೆಳೆಯುತ್ತಿರುವುದನ್ನು ಕೇವಲ ಶೋಕಿ ಎಂದು ತಳ್ಳಿಹಾಕದೆ, ವಾಣಿಜ್ಯದ ದೃಷ್ಟಿಯಿಂದ ಗಮನಿಸುವುದು ಸೂಕ್ತ.

ಜಗಲಿಯ ಮೇಲಿನ ಪರೀಕ್ಷೆ

ಕುಂದಾಪುರ ತಾಲೂಕಿನ ಪೂರ್ವದಂಚಿನಲ್ಲಿ, ಘಟ್ಟದ ಬುಡದಲ್ಲಿರುವ ಅಮಾಸೆಬೈಲು ಅಡಿಕೆ, ತೆಂಗು, ಕಾಳುಮೆಣಸುಗಳ ಊರು. ಈ ಭಾಗದ ಅನೇಕ ಕುಟುಂಬಗಳ ಒಂದು ಕಾಲು ತೋಟದಲ್ಲಿದ್ದರೆ ಇನ್ನೊಂದು ಕಾಲು ಬೆಂಗಳೂರು, ಮುಂಬಯಿಗಳ ಹೋಟೆಲು ಉದ್ಯಮದಲ್ಲಿದೆ. ಮಳೆಗಾಲದಲ್ಲಿ ಊರಿಗೆ ಬರುವವರ ಚೀಲದಲ್ಲಿ ಒಂದೆರಡು ಬಾಟಲಿಗಳಿರುವುದು ಹೊಸ ಸಂಗತಿಯೇನಲ್ಲ. ವಿದೇಶದಿಂದ ಬರುವವರಿಗೆ ಸುಂಕವಿಲ್ಲದೆ 2 ಲೀಟರ್ ತರಲು ಅವಕಾಶವಿರುವುದರಿಂದ ಸ್ಕಾಚ್ ಕೂಡ ಇಲ್ಲಿಗೆ ಅಪರಿಚಿತವಲ್ಲ.

ಅಂತಹ ಒಂದು ಮನೆಯ ಜಗಲಿಯಲ್ಲಿ ನಾಲ್ವರು ಬಂಧುಗಳು ಮೂರು ಬಾಟಲಿಗಳಿಗೆ ಹಳೆಯ ದಿನಪತ್ರಿಕೆ ಸುತ್ತಿ, ಒಂದು, ಎರಡು, ಮೂರು ಎಂದು ಗುರುತು ಹಾಕಿ ಪರೀಕ್ಷೆಗೆ ಕುಳಿತರು. ಒಂದು ಜನಪ್ರಿಯ ದೇಶೀ ವಿಸ್ಕಿ, ಒಂದು ಕರ್ನಾಟಕದ ಸಿಂಗಲ್ ಮಾಲ್ಟ್, ಒಂದು ದುಬಾರಿ ಸ್ಕಾಚ್. ಅವರಲ್ಲೊಬ್ಬರು ಮುಂಬಯಿಯ ಬಾರ್ ಕೌಂಟರಿನ ಹಿಂದೆ ಮೂವತ್ತು ವರ್ಷ ನಿಂತವರು. ಬಾಟಲಿಯನ್ನು ದೂರದಿಂದ ಕಂಡೇ ಬೆಲೆ ಹೇಳಬಲ್ಲವರು. ಕಾಗದ ಬಿಚ್ಚಿದಾಗ, ಅವರು ಸ್ಕಾಚ್ ಎಂದು ಖಚಿತವಾಗಿ ಹೇಳಿದ ಲೋಟದಲ್ಲಿದ್ದುದು ಬೆಂಗಳೂರಿನ ಮಾಲ್ಟ್. ಮೂರನೆಯ ಸ್ಥಾನ ಕೊಟ್ಟಿದ್ದ ಲೋಟದಲ್ಲಿದ್ದುದು ಅವರೇ ತಂದಿದ್ದ ದುಬಾರಿ ಬಾಟಲಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ ಮಾತು ಗಮನಾರ್ಹ: ಇಷ್ಟು ವರ್ಷ ತಾವು ಮಾರಿದ್ದು ಹೆಸರನ್ನೇ ಹೊರತು ಪದಾರ್ಥವನ್ನಲ್ಲ.

ಇದು ಒಬ್ಬರ ಅಜ್ಞಾನದ ಕಥೆಯಲ್ಲ. ಇಡೀ ವ್ಯಾಪಾರವೇ ಪದಾರ್ಥದ ಬದಲು ಹೆಸರಿನ ಮೇಲೆ ನಿಂತಿದೆ ಎಂಬುದರ ಸೂಚನೆ.

ಬೆಂಗಳೂರಿನ ಅನುಭವ

ಹೆಸರು ಮುಚ್ಚಿ ರುಚಿ ನೋಡುವ ಪದ್ಧತಿಯಿಂದ ಕರ್ನಾಟಕದ ಉದ್ಯಮಕ್ಕೇ ಲಾಭವಾದ ಉದಾಹರಣೆ ಕಣ್ಣೆದುರಿಗಿದೆ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ಸಂಸ್ಥೆ ದೀರ್ಘಕಾಲ ಸಾಮಾನ್ಯ ದೇಶೀ ಮದ್ಯಗಳ ತಯಾರಕನೆಂದೇ ಪರಿಚಿತವಾಗಿತ್ತು. ಅದರ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾದದ್ದು ಬೆಂಗಳೂರಿನಲ್ಲಿ ಅಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಭಾರತದ ವಿಸ್ಕಿ ಎಂದೊಡನೆ ಮೂಗು ಮುರಿಯುವವರ ನಡುವೆ ಆ ಬಾಟಲಿಗೆ ನೆರವಾದದ್ದು ಜಾಹೀರಾತಿಗಿಂತ ಹೆಚ್ಚಾಗಿ, ಹೆಸರು ತಿಳಿಸದೆ ಕೊಟ್ಟ ಲೋಟ. ಕುಡಿದವರು ಅದನ್ನು ತಮ್ಮದೇ ನಾಡಿನ ಮಾಲ್ಟ್ ಎಂದು ಭಾವಿಸಿದರು. ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ವಿಸ್ಕಿ ಬೈಬಲ್‌ನಲ್ಲಿ ಅಮೃತ್ ಫ್ಯೂಷನ್‌ಗೆ 97 ಅಂಕ ನೀಡಿ ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿ ಎಂದು ಗುರುತಿಸಿದರು. ಬೆಂಗಳೂರಿನ ಗ್ರಾಹಕನಿಗೆ ಅಮೃತ್ ಸಿಂಗಲ್ ಮಾಲ್ಟ್ ಅಂಗಡಿಯಲ್ಲಿ ದೊರೆತದ್ದು 2010ರಲ್ಲಿ, ಅಂದರೆ ಗ್ಲಾಸ್ಗೋದವನಿಗಿಂತ ಆರು ವರ್ಷ ತಡವಾಗಿ. ಬೆಂಗಳೂರು ಮೂಲದ ಇನ್ನೊಂದು ಉದ್ಯಮವಾದ ಜಾನ್ ಡಿಸ್ಟಿಲರೀಸ್ ಗೋವಾದಲ್ಲಿ ತಯಾರಿಸಿದ ಪಾಲ್ ಜಾನ್ ಮಾಲ್ಟ್ ಕೂಡ 2012ರಲ್ಲಿ ಮೊದಲು ಲಂಡನ್ನಿನಲ್ಲೇ ಬಿಡುಗಡೆಯಾಯಿತು.

ನಮ್ಮ ಉತ್ಪಾದಕ ತನ್ನ ಉತ್ತಮ ಸರಕಿಗೆ ಮೊದಲು ಪರದೇಶದ ಗ್ರಾಹಕನನ್ನು ಹುಡುಕಬೇಕಾಗಿ ಬಂದದ್ದು ಏಕೆ? ಹೋಲಿಸಿ ನೋಡುವ ಗ್ರಾಹಕ ಅಲ್ಲಿದ್ದ, ಇಲ್ಲಿರಲಿಲ್ಲ. ಇದೇ ಮುಖ್ಯ ಕಾರಣವೆಂದರೆ ತಪ್ಪಾಗದು.

ವಯಸ್ಸಿನ ಲೆಕ್ಕ

ಹನ್ನೆರಡು ವರ್ಷ, ಹದಿನೆಂಟು ವರ್ಷ ಎಂಬ ಅಂಕಿಗಳೇ ಗುಣಮಟ್ಟದ ಪ್ರಮಾಣಪತ್ರ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಲೆಕ್ಕದ ಮುಂದೆ ಈ ನಂಬಿಕೆ ನಿಲ್ಲುವುದಿಲ್ಲ. ಪೀಪಾಯಿಯಲ್ಲಿ ಇಟ್ಟ ವಿಸ್ಕಿ ಪ್ರತಿವರ್ಷ ಸ್ವಲ್ಪ ಸ್ವಲ್ಪವಾಗಿ ಆವಿಯಾಗುತ್ತದೆ. ಈ ನಷ್ಟಕ್ಕೆ ‘ದೇವತೆಗಳ ಪಾಲು’ ಎಂಬ ಹೆಸರಿದೆ. ತಂಪಾದ ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2, ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಶೇ. 10ರಿಂದ 12.

ಸವಕಳಿಯನ್ನು ಉಳಿಕೆ ಮೌಲ್ಯದ ಮೇಲೆ ಲೆಕ್ಕ ಹಾಕುವ ಪದ್ಧತಿ ವರ್ತಕರಿಗೆ ಪರಿಚಿತ. ಅದೇ ಕ್ರಮದಲ್ಲಿ 200 ಲೀಟರಿನ ಪೀಪಾಯಿಗೆ ಶೇ. 12 ಕಳೆಯುತ್ತ ಹೋದರೆ ಮೊದಲ ವರ್ಷದ ಕೊನೆಗೆ 176 ಲೀಟರ್, ನಾಲ್ಕನೆಯ ವರ್ಷದ ಕೊನೆಗೆ ಸುಮಾರು 120 ಲೀಟರ್ ಉಳಿಯುತ್ತದೆ. ಶೇ. 2ರ ದರದಲ್ಲಿ 12 ವರ್ಷ ಕಳೆದ ನಂತರವೂ ಸ್ಕಾಟ್ಲೆಂಡಿನ ಪೀಪಾಯಿಯಲ್ಲಿ ಸುಮಾರು 157 ಲೀಟರ್ ಇರುತ್ತದೆ. ಅಂದರೆ ಬೆಂಗಳೂರಿನ ನಾಲ್ಕು ವರ್ಷದ ಪೀಪಾಯಿ, ಸ್ಕಾಟ್ಲೆಂಡಿನ ಹನ್ನೆರಡು ವರ್ಷದ ಪೀಪಾಯಿಗಿಂತ ಬಹುಮಟ್ಟಿಗೆ ಇಮ್ಮಡಿ ದ್ರವವನ್ನು ಕಳೆದುಕೊಂಡಿರುತ್ತದೆ. ಬಿಸಿಲ ನಾಡಿನಲ್ಲಿ ಮರದ ಸತ್ವ ವಿಸ್ಕಿಗೆ ಇಳಿಯುವ ವೇಗವೂ ಅಷ್ಟೇ ಹೆಚ್ಚು. ಹೀಗಿರುವಾಗ ಎರಡು ಹವಾಗುಣಗಳ ಬಾಟಲಿಗಳನ್ನು ವರ್ಷದ ಅಂಕಿಯಿಂದ ತೂಗುವುದು, ಎರಡು ದೇಶಗಳ ನಾಣ್ಯವನ್ನು ವಿನಿಮಯ ದರ ನೋಡದೆ ಕೂಡಿಸಿದಂತೆ.

ಬೆಲೆಯೂ ನಂಬತಕ್ಕ ಅಳತೆಗೋಲಲ್ಲ. ಮಾನವ ಸೇವನೆಯ ಮದ್ಯ ಜಿ.ಎಸ್.ಟಿ. ವ್ಯಾಪ್ತಿಯ ಹೊರಗಿದ್ದು, ಅದರ ಮೇಲಿನ ತೆರಿಗೆ ರಾಜ್ಯಗಳ ಅಧಿಕಾರಕ್ಕೆ ಸೇರಿದೆ. ಕರ್ನಾಟಕದಲ್ಲಿ ಬಹುಕಾಲ ಹೆಚ್ಚುವರಿ ಅಬಕಾರಿ ಸುಂಕವನ್ನು ತಯಾರಕರು ಘೋಷಿಸಿದ ಬೆಲೆಯ ಸ್ಲ್ಯಾಬ್‌ಗಳ ಮೇಲೆ ವಿಧಿಸಲಾಯಿತು. ಆಮದಾದ ಬಾಟಲಿಗೆ ಸೀಮಾ ಸುಂಕದ ಹೊರೆಯೂ ಸೇರುತ್ತದೆ. ಎರಡು ಬಾಟಲಿಗಳ ಬೆಲೆಯ ಅಂತರದಲ್ಲಿ ಪದಾರ್ಥದ ಪಾಲೆಷ್ಟು, ತೆರಿಗೆಯ ಪಾಲೆಷ್ಟು ಎಂಬುದು ಗ್ರಾಹಕನಿಗೆ ತಿಳಿಯುವುದೇ ಇಲ್ಲ.

ಲೇಬಲ್ಲಿನಲ್ಲಿ ಇಲ್ಲದ ಮಾಹಿತಿ

ಐರೋಪ್ಯ ಒಕ್ಕೂಟದ ನಿಯಮದಂತೆ ವಿಸ್ಕಿ ಎನಿಸಬೇಕಾದರೆ ಧಾನ್ಯದಿಂದ ಬಟ್ಟಿ ಇಳಿಸಿ ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಇಟ್ಟಿರಬೇಕು. ಭಾರತದಲ್ಲಿ ವಿಸ್ಕಿ ಎಂಬ ಹೆಸರಿನಲ್ಲಿ ಮಾರಾಟವಾಗುವುದರ ಬಹುಪಾಲು ಕಾಕಂಬಿಯಿಂದ ಅಥವಾ ಧಾನ್ಯದಿಂದ ತೆಗೆದ ತಟಸ್ಥ ಮದ್ಯಸಾರಕ್ಕೆ ಒಂದಿಷ್ಟು ಮಾಲ್ಟ್, ಬಣ್ಣ, ಪರಿಮಳ ಬೆರೆಸಿದ್ದು. ಹಾಗೆ ತಯಾರಿಸುವುದು ಕಾನೂನುಬಾಹಿರವಲ್ಲ. ಅದಕ್ಕೆ ತನ್ನದೇ ಆದ ಗ್ರಾಹಕವರ್ಗವೂ ಇದೆ. ಆದರೆ ಬೆರೆಸಿದ ಮಾಲ್ಟ್ ಶೇಕಡಾ ಎಷ್ಟು, ಅದು ಪೀಪಾಯಿಯಲ್ಲಿ ಎಷ್ಟು ಕಾಲ ಇತ್ತು ಎಂಬ ವಿವರ ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. 2019ರ ಏಪ್ರಿಲ್ 1ರಿಂದ ಮದ್ಯಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡಗಳು ಜಾರಿಗೆ ಬಂದ ನಂತರವೂ ಈ ಕೊರತೆ ನೀಗಿಲ್ಲ. ಅಡಿಕೆ ಮೂಟೆಯ ಮೇಲೆ ಕೇವಲ ‘ಅಡಿಕೆ’ ಎಂದು ಬರೆದು, ಒಡೆದು ನೋಡಬಾರದೆಂದು ಹೇಳಿದಂತೆ ಇದು.

ಬೆಂಗಳೂರಿನದೇ ಆದ ಖೋಡೆ ಸಂಸ್ಥೆಯ ‘ಪೀಟರ್ ಸ್ಕಾಟ್’ ವಿಸ್ಕಿಯ ಹೆಸರಿನ ಬಗ್ಗೆ ಸ್ಕಾಚ್ ವಿಸ್ಕಿ ಅಸೋಸಿಯೇಷನ್ ಹೂಡಿದ್ದ ದೀರ್ಘ ವ್ಯಾಜ್ಯ ಇಲ್ಲಿ ನೆನಪಾಗುತ್ತದೆ. ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಖೋಡೆ ಸಂಸ್ಥೆಯ ಪರ ತೀರ್ಪು ನೀಡಿತು. ಆಕ್ಷೇಪಣೆಯಲ್ಲಿ ಆದ ವಿಳಂಬದ ಜೊತೆಗೆ, ಇಂತಹ ಸರಕನ್ನು ಕೊಳ್ಳುವವರು ಅದರ ಗುಣವನ್ನೂ ಹಣದ ಬೆಲೆಯನ್ನೂ ಬಲ್ಲ ವರ್ಗದವರು, ಸುಲಭವಾಗಿ ಮೋಸಹೋಗುವವರಲ್ಲ ಎಂಬ ಅಂಶವನ್ನೂ ನ್ಯಾಯಾಲಯ ಗಮನಿಸಿತು. ಗ್ರಾಹಕನ ವಿವೇಚನೆಯ ಮೇಲೆ ನ್ಯಾಯಾಲಯ ಇಟ್ಟ ಈ ಭರವಸೆ ಗೌರವಯುತವಾದುದು. ಆದರೆ ವಿವೇಚನೆಗೆ ಬೇಕಾದ ಮಾಹಿತಿಯನ್ನು ಕೊಡಬೇಕಾದ ಹೊಣೆ ಉದ್ಯಮದ್ದು.

ಹವ್ಯಾಸಿಯ ಶಿಸ್ತು

ಹೋಲಿಕೆಯ ಹವ್ಯಾಸಕ್ಕೆ ಬೇಕಾಗುವ ಸಲಕರಣೆ ಅಲ್ಪ. ಬಾಯಿ ಕಿರಿದಾದ ಒಂದೇ ಬಗೆಯ ಲೋಟಗಳು, ಕುಡಿಯುವ ನೀರು, ಒಂದು ನೋಟ್ ಪುಸ್ತಕ. ಪ್ರತಿ ಲೋಟಕ್ಕೆ 15 ಮಿ.ಲೀ. ಸಾಕು. ಮೊದಲು ಮೂಗು, ಅನಂತರ ನಾಲಿಗೆ, ಬಳಿಕ ಕೆಲವು ಹನಿ ನೀರು ಬೆರೆಸಿ ಮತ್ತೊಮ್ಮೆ. ಸೋಡಾ, ಮಂಜುಗಡ್ಡೆ, ಖಾರದ ತಿನಿಸುಗಳು ವ್ಯತ್ಯಾಸವನ್ನು ಮರೆಮಾಡುತ್ತವೆ. ಹೊಗೆಯ ವಾಸನೆಯಿರುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಶೇ. 42.8ರ ಸಾಮಾನ್ಯ ದೇಶೀ ವಿಸ್ಕಿಯನ್ನು ಶೇ. 50ರ ಫ್ಯೂಷನ್ನಿನೊಡನೆ ಹೋಲಿಸುವಾಗ ನೀರು ಬೆರೆಸಿ ಸಮಕ್ಕೆ ತರಬೇಕು. ಇಲ್ಲವಾದರೆ ತೀಕ್ಷ್ಣತೆಯನ್ನೇ ಗುಣವೆಂದು ಭಾವಿಸುವ ಅಪಾಯವುಂಟು. ಮಳೆಗಾಲದ ತೇವದಲ್ಲಿ ಬಾಟಲಿಯನ್ನು ಕತ್ತಲಲ್ಲಿ, ನೆಟ್ಟಗೆ ನಿಲ್ಲಿಸಿ ಇಡುವುದು ಲೇಸು. ಮನೆಯಲ್ಲಿ ಇಡಬಹುದಾದ ಪ್ರಮಾಣಕ್ಕೆ ಅಬಕಾರಿ ನಿಯಮಗಳ ಮಿತಿಯಿದೆ ಎಂಬುದನ್ನೂ ಮರೆಯಬಾರದು.

ಮೂರು ಲೋಟಗಳ ಒಟ್ಟು ಪ್ರಮಾಣ 45 ಮಿ.ಲೀ., ಅಂದರೆ ಬಾರಿನ ಒಂದು ದೊಡ್ಡ ಪೆಗ್ಗಿಗಿಂತ ಕಡಿಮೆ. 750 ಮಿ.ಲೀ. ಬಾಟಲಿ ಇಂತಹ 50 ಲೋಟಗಳಿಗೆ ಸಾಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಸಂವಿಧಾನದ 47ನೆಯ ವಿಧಿ ಪಾನನಿರೋಧವನ್ನು ರಾಜ್ಯನೀತಿಯ ಗುರಿಯೆಂದು ಹೇಳುತ್ತದೆ. ಕರಾವಳಿಯ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತಿರುವುದಕ್ಕೆ ಕಾರಣಗಳಿವೆ. ಕುಡಿತದಿಂದ ಮುರಿದ ಮನೆಗಳನ್ನು ಕಾಣದ ಊರಿಲ್ಲ. ರುಚಿ ನೋಡುವ ಹವ್ಯಾಸವೂ ಹದ ತಪ್ಪಬಹುದು. ಕುಡಿಯದವನು ಈ ಲೇಖನ ಓದಿ ಕುಡಿಯಲು ಆರಂಭಿಸಬೇಕಾದ ಯಾವ ಕಾರಣವೂ ಇಲ್ಲ. ಆದರೆ ಲೇಬಲ್ ಸತ್ಯ ಹೇಳಬೇಕೆಂಬ ಬೇಡಿಕೆಗೂ ಪಾನನಿರೋಧದ ಆಶಯಕ್ಕೂ ವಿರೋಧವಿಲ್ಲ. ತಾನು ಕುಡಿಯುತ್ತಿರುವುದು ಏನೆಂದು ತಿಳಿಯುವ ಹಕ್ಕು ದುಬಾರಿ ಮಾಲ್ಟ್ ಕೊಳ್ಳುವವನಿಗೆ ಎಷ್ಟಿದೆಯೋ, 90 ಮಿ.ಲೀ. ಪೊಟ್ಟಣ ಕೊಳ್ಳುವ ಕೂಲಿಕಾರನಿಗೂ ಅಷ್ಟೇ ಇದೆ.

ಆಗಬೇಕಾದುದು

ಈ ವಿಷಯಕ್ಕೆ ತುರ್ತು ಇದೆ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದವು ಸ್ಕಾಚ್ ಮೇಲಿನ ಶೇ. 150ರ ಆಮದು ಸುಂಕವನ್ನು ಮೊದಲು ಶೇ. 75ಕ್ಕೆ, ಹತ್ತನೆಯ ವರ್ಷದ ಹೊತ್ತಿಗೆ ಶೇ. 40ಕ್ಕೆ ಇಳಿಸಲು ಅವಕಾಶ ಕಲ್ಪಿಸಿದೆ. ಸುಂಕದ ಗೋಡೆ ತಗ್ಗಿದಾಗ ನಮ್ಮ ಮಾಲ್ಟ್ ತಯಾರಕನನ್ನು ಕಾಯುವುದು ಗುಣವನ್ನು ಗುರುತಿಸಬಲ್ಲ ಗ್ರಾಹಕನೊಬ್ಬನೇ. ಹೆಸರನ್ನಷ್ಟೇ ನೋಡಿ ಕೊಳ್ಳುವವನು ವಿದೇಶೀ ಹೆಸರಿನ ಕಡೆಗೇ ಹೋಗುತ್ತಾನೆ.

ಆದುದರಿಂದ ಉದ್ಯಮ ಹಾಗೂ ವಾಣಿಜ್ಯ ಸಂಸ್ಥೆಗಳು ಮೂರು ಕ್ರಮಗಳಿಗೆ ಒತ್ತಾಯಿಸಬೇಕು. ಮೊದಲನೆಯದಾಗಿ, ಮದ್ಯಸಾರದ ಮೂಲ ಕಾಕಂಬಿಯೋ ಧಾನ್ಯವೋ, ಮಾಲ್ಟ್ ಶೇಕಡಾ ಎಷ್ಟು, ಪೀಪಾಯಿಯಲ್ಲಿ ಎಷ್ಟು ಕಾಲ ಇತ್ತು ಎಂಬ ಮೂರು ಸಂಗತಿಗಳನ್ನು ಲೇಬಲ್ಲಿನಲ್ಲಿ ಕಡ್ಡಾಯಗೊಳಿಸಬೇಕು. ಎರಡನೆಯದಾಗಿ, ಅಗ್ಗದ ಮದ್ಯ 90 ಮತ್ತು 180 ಮಿ.ಲೀ. ಅಳತೆಗಳಲ್ಲಿ ಎಲ್ಲೆಡೆ ದೊರೆಯುವಂತೆ ಉತ್ತಮ ಮಾಲ್ಟ್‌ಗಳೂ ಸಣ್ಣ ಬಾಟಲಿಗಳಲ್ಲಿ ದೊರೆಯಬೇಕು. ಹೋಲಿಸಲು ಮೂರು ಪೂರ್ಣ ಬಾಟಲಿ ಕೊಳ್ಳಬೇಕಾದ ಸ್ಥಿತಿಯಲ್ಲಿ ಹೋಲಿಕೆ ಶ್ರೀಮಂತರ ಸ್ವತ್ತಾಗಿಯೇ ಉಳಿಯುತ್ತದೆ. ಮೂರನೆಯದಾಗಿ, ಪರವಾನಗಿ ಪಡೆದ ಹೋಟೆಲು ಉದ್ಯಮಿಗಳಿಗೂ ಅವರ ನೌಕರರಿಗೂ ಹೆಸರು ಮುಚ್ಚಿ ರುಚಿ ನೋಡುವ ತರಬೇತಿಯನ್ನು ಸಂಸ್ಥೆಗಳೇ ಏರ್ಪಡಿಸಬೇಕು. ಬೆಂಗಳೂರು, ಮುಂಬಯಿಗಳಲ್ಲಿ ಈ ವ್ಯಾಪಾರದಲ್ಲಿರುವ ಕುಂದಾಪುರದ ಕಡೆಯವರು ಇದರ ಮುಂದಾಳತ್ವ ವಹಿಸಲು ಅತ್ಯಂತ ಯೋಗ್ಯರು.

ಅಡಿಕೆಯನ್ನು ಒಡೆದು ನೋಡದೆ ಕೊಳ್ಳದ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಿ ಹೇಳಬೇಕಾಗಿಲ್ಲ. ಅಮಾಸೆಬೈಲಿನ ಆ ಜಗಲಿಯಲ್ಲಿ ಮೂವತ್ತು ವರ್ಷಗಳ ಅನುಭವವನ್ನು ತಿದ್ದಿದ್ದು ಒಂದು ಹಾಳೆ ಹಳೆಯ ದಿನಪತ್ರಿಕೆ. ಲೇಬಲ್ ತನ್ನ ಕೆಲಸವನ್ನು ಸರಿಯಾಗಿ ಮಾಡುವ ದಿನ ಬಂದರೆ ಅದನ್ನು ಮುಚ್ಚುವ ಅಗತ್ಯವೂ ಇರದು.