ಬೀರುವಿನ ಕೀಲಿ
ಮಳೆಗಾಲ ಮುಗಿಯುವ ಹೊತ್ತಿಗೆ ಪಾವಗಡದ ಕಡೆ ಕಡಲೆಕಾಯಿ ಹೊಲಕ್ಕಿಳಿದರೆ ಎಲೆಗಳ ಮೇಲೆ ಕಪ್ಪು, ಕಂದು ಚುಕ್ಕೆ. ಅದೇ ಟಿಕ್ಕಾ ರೋಗ. ಚುಕ್ಕೆಯ ಮೇಲೆ ಸೆಲೋಟೇಪ್ ಒತ್ತಿ ಕಿತ್ತು, ಒಂದು ಹನಿ ನೀರಿಟ್ಟ ಸ್ಲೈಡಿಗೆ ಅಂಟಿಸಿ ನೋಡಿ: ಸೂಕ್ಷ್ಮದರ್ಶಕದ 400 ಪಟ್ಟು ಹಿಗ್ಗಿದ ನೋಟದಲ್ಲಿ ಶಿಲೀಂಧ್ರದ ಉದ್ದನೆಯ ಬೀಜಕಣಗಳು ಅಡ್ಡಗೆರೆಗಳ ಸಮೇತ ಕಾಣುತ್ತವೆ. ಇದಕ್ಕೆ ಕರೆಂಟೂ ಬೇಡ, ಕೆಳಗೊಂದು ಕನ್ನಡಿ, ಕಿಟಕಿಯ ಬೆಳಕು ಸಾಕು. ತಿರುಮಣಿಯ ಸೋಲಾರ್ ಪಾರ್ಕಿನ ಸೀಮೆಯಲ್ಲಿ ಬೆಳಕಿಗೇನು ಬರವೇ? ಅದೇ ಶಿಲೀಂಧ್ರ ಎಲೆಯೊಳಗೆ ಹೇಗೆ ಹಬ್ಬುತ್ತದೆಂದು ನೋಡಬೇಕಾದರೆ ಮಾತು ಬೇರೆ. ಆಗ ಬೇಕು ಕಾನ್‌ಫೋಕಲ್ ಸೂಕ್ಷ್ಮದರ್ಶಕ: ಲೇಸರ್ ಬೆಳಕನ್ನು ಬಿಂದು ಬಿಂದುವಾಗಿ ಹಾಯಿಸಿ, ಮೇಲಿನ ಕೆಳಗಿನ ಮಸುಕನ್ನು ಸಣ್ಣ ರಂಧ್ರದಲ್ಲಿ ಸೋಸಿ, ಪದರ ಪದರವಾಗಿ ಚಿತ್ರ ಕೂಡಿಸುವ ಯಂತ್ರ. ಬೆಲೆ ಕೋಟಿಯ ಮಾತು. ಬೆಂಗಳೂರಿನ ಜಿಕೆವಿಕೆ ಕೃಷಿ ವಿ.ವಿ. ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಇಂಥವನ್ನು ಒಂದೇ ಸೂರಿನಡಿ ಇಟ್ಟು, ಶುಲ್ಕ ಪಡೆದು ಹೊರಗಿನ ಸಂಶೋಧಕರಿಗೂ ಒದಗಿಸುತ್ತದೆ. ಪ್ರತಿ ವಿಶ್ವವಿದ್ಯಾಲಯವೂ ಒಂದೊಂದು ಕೊಂಡು ಬೀಗ ಜಡಿಯುವುದಕ್ಕಿಂತ ಇದೇ ಲೇಸು. ಬೀಗದ ಮಾತು ಸುಮ್ಮನೆ ಬರಲಿಲ್ಲ. ನಾನು ಓದಿದ ಕಾಲೇಜಿನಲ್ಲಿ ಒಳ್ಳೆಯ ಸೂಕ್ಷ್ಮದರ್ಶಕ ಗಾಜಿನ ಬೀರುವಿನಿಂದ ಹೊರಬರುತ್ತಿದ್ದದ್ದು ತಪಾಸಣೆಯ ದಿನ ಮಾತ್ರ. ಬೀರುವೇ ಬೇಡದ್ದೂ ಒಂದಿದೆ: ವಿಜ್ಞಾನಿ ಮನು ಪ್ರಕಾಶ್ ತಂಡ 2014ರಲ್ಲಿ ಪರಿಚಯಿಸಿದ ಫೋಲ್ಡ್‌ಸ್ಕೋಪ್, ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ, ಜೇಬಿನಲ್ಲೇ ಹೊಲಕ್ಕೆ ಹೋಗುತ್ತದೆ. 140 ಪಟ್ಟು ಹಿಗ್ಗಿಸುತ್ತದೆ. ಕಾನ್‌ಫೋಕಲ್ ಮುಂದೆ ಕೂರುವ ಹುಡುಗಿಯೂ ಮೊದಲು ಕಣ್ಣು ಪಳಗಿಸಿಕೊಳ್ಳುವುದು ಇಂಥದ್ದರಲ್ಲೇ. ಪಾವಗಡ, ಮಧುಗಿರಿ, ಶಿರಾ ಕಾಲೇಜುಗಳ ಜೀವಶಾಸ್ತ್ರದ ಮೇಷ್ಟ್ರುಗಳೇ, ಈ ಸಲ ಕಡಲೆಕಾಯಿ ಕೀಳುವ ಮೊದಲೇ ಬೀರುವಿನ ಕೀಲಿ ಮಕ್ಕಳ ಕೈಗೆ ಕೊಡಿ.