ಮೂರು ಕಣ್ಣಿನ ಚೆಂಡು

ಸುಲಿದ ತೆಂಗಿನಕಾಯಿಗೆ ಮೂರು ಕಣ್ಣು. ಬೌಲಿಂಗ್ ಚೆಂಡಿಗೂ ಮೂರೇ ಕಣ್ಣು. ಕಾಯಿಯ ಒಂದು ಕಣ್ಣು ಮಾತ್ರ ಮೆತ್ತಗೆ, ಮೊಳಕೆ ಬರುವುದು ಅಲ್ಲಿಂದ. ಚೆಂಡಿನ ಮೂರೂ ಕಣ್ಣುಗಳು ಬೆರಳಿಗಾಗಿ ಕೊರೆದ ತೂತುಗಳು: ಒಂದು ಹೆಬ್ಬೆರಳಿಗೆ, ಉಳಿದೆರಡು ನಡುಬೆರಳಿಗೆ ಮತ್ತು ಉಂಗುರ ಬೆರಳಿಗೆ. ಮಕ್ಕಳೇ, ನಾನು ಹೇಳುತ್ತಿರುವುದು ಕ್ರಿಕೆಟಿನ ಬೌಲಿಂಗ್ ಅಲ್ಲ. ನುಣುಪಾದ ಹಾದಿಯ ಮೇಲೆ ಚೆಂಡು ಉರುಳಿಸಿ, 60 ಅಡಿ ಆಚೆ ನಿಂತ 10 ಗೂಟಗಳನ್ನು ಕೆಡಹುತ್ತಾರಲ್ಲ, ಬೆಂಗಳೂರಿನ ಮಾಲ್‌ಗಳಲ್ಲಿ, ಆ ಆಟ.

ಎಪ್ಪತ್ತು ದಾಟಿದ ಬ್ಯಾಂಕ್ ಗುಮಾಸ್ತನಿಗೂ ಅದಕ್ಕೂ ಏನು ಸಂಬಂಧ ಎಂದರೆ, ಸಂಬಂಧ ರಜೆಯದ್ದು. ಉಡುಪಿಯಿಂದ ಬೆಂಗಳೂರಿನ ಮಗಳ ಮನೆಗೆ ಹೋದಾಗ ಮೊಮ್ಮಕ್ಕಳು ಒಂದು ದಿನ ಅಲ್ಲಿಗೆ ಎಳೆದೊಯ್ಯುತ್ತಾರೆ. ಅಲ್ಲಿ ನನ್ನ ವಯಸ್ಸಿನವರಿಗೆ ಮೀಸಲಾದ ಕೆಲಸ ಒಂದೇ. ಬೆಂಚಿನ ಮೇಲೆ ಕುಳಿತು ಚೀಲ, ಮೊಬೈಲು, ಚಪ್ಪಲಿ ಕಾಯುವುದು. ಮೂವತ್ತು ಚಿಲ್ಲರೆ ವರ್ಷ ಕೌಂಟರಿನಲ್ಲಿ ಬೇರೆಯವರ ಹಣ ಕಾದವನಿಗೆ ಇನ್ನು ಚಪ್ಪಲಿ ಕಾಯುವುದು ಬೇಡವೆನಿಸಿತು. ಆದರೆ ಹೆಬ್ಬೆರಳಿನ ಬುಡದ ಗಂಟು ಕೇಳಬೇಕಲ್ಲ! ಬಾಟಲಿಯ ಮುಚ್ಚಳ ತಿರುಗಿಸಿದರೆ ನೋವು, ಬೀಗದ ಕೀ ತಿರುಗಿಸಿದರೆ ನೋವು. ಆಡಲು ಬಾ ಎಂದು ಹನ್ನೊಂದರ ಮೊಮ್ಮಗ ಎರಡು ವರ್ಷ ಕರೆದ. ಮೂರನೆಯ ವರ್ಷ ಕರೆಯಲಿಕ್ಕಿಲ್ಲ ಎಂಬ ಅಳುಕು ನನಗೆ.

ಹಾಗಾಗಿ ಈ ಸಲ ಹೊರಡುವ ಮೊದಲು ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರನ್ನು ಕಂಡೆ. ದಿನನಿತ್ಯದ ಕೆಲಸ ಕೈಗೆ ಹಗುರಾಗುವಂತೆ ಮಾಡಿಕೊಡುವವರು ಇವರು. ಚೆಂಡಿನ ವಿಷಯ ಕೇಳಿ ಅವರು ನಗಲಿಲ್ಲ. ಒಂದು ಪೆನ್ಸಿಲ್ ಕೊಟ್ಟು, ಹೆಬ್ಬೆರಳು ತೋರುಬೆರಳಿನ ತುದಿಯಲ್ಲಿ ಚಿವುಟಿ ಹಿಡಿಯಿರಿ ಎಂದರು. ತುದಿಯಲ್ಲಿ ಒಂದು ಕಿಲೋದಷ್ಟು ಒತ್ತಿದರೆ ಹೆಬ್ಬೆರಳಿನ ಬುಡದ ಗಂಟಿನ ಮೇಲೆ ಸುಮಾರು 12 ಕಿಲೋದ ಭಾರ ಬೀಳುತ್ತದಂತೆ. ಒಂದಕ್ಕೆ ಹನ್ನೆರಡು! ಇಂಥ ಬಡ್ಡಿಯನ್ನು ನಾನು ಯಾವ ಲೆಡ್ಜರಿನಲ್ಲೂ ಕಂಡವನಲ್ಲ. ಗಂಟಿನೊಳಗಿನ ಮೆತ್ತೆ ಸವೆದವರಿಗೆ ಅದನ್ನು ಕಟ್ಟುವುದು ಹೇಗೆ? ನೋಯಿಸುವುದು ಹೆಚ್ಚಾಗಿ ಭಾರವಲ್ಲ, ಹಿಸುಕಿ ಹಿಡಿಯುವುದು ಎಂದರು ಅವರು. ಚೆಂಡು ಕೈಗೆ ಹೊಂದಿದರೆ ಹಿಸುಕುವ ಅಗತ್ಯವೇ ಇಲ್ಲ.

ಹೊಂದುವುದೆಂದರೆ ಏನು? ಮೊದಲು ಹೆಬ್ಬೆರಳಿನ ತೂತು. ಅದು ಬಿಗಿಯಾದರೆ ಬಿಡುವಾಗ ಗಂಟು ಸಿಕ್ಕಿಕೊಂಡು ಎಳೆಯುತ್ತದೆ. ಸಡಿಲವಾದರೆ ಚೆಂಡು ಜಾರೀತೆಂಬ ಭಯಕ್ಕೆ ಬೆರಳು ತಾನಾಗಿ ಕೊಕ್ಕೆಯಂತೆ ಬಾಗಿ ಒಳಗೋಡೆಯನ್ನು ಒತ್ತುತ್ತದೆ. ಆಗ ಶುರು, ಒಂದಕ್ಕೆ ಹನ್ನೆರಡರ ಲೆಕ್ಕ. ಬೆರಳು ಪೂರ್ತಿ ಒಳಗೆ ಹೋಗಬೇಕು, ಸುತ್ತ ಗೋಡೆ ಹಗುರಾಗಿ ತಾಗಬೇಕು, ಹೊರಗೆ ಬರುವಾಗ ತಡೆಯಬಾರದು.

ಆಮೇಲೆ ಅಂತರ. ಹೆಬ್ಬೆರಳನ್ನು ಪೂರ್ತಿ ತೂರಿಸಿ, ಉಳಿದೆರಡು ಬೆರಳನ್ನು ತೂತಿಗೆ ಹಾಕದೆ ಅದರ ಮೇಲೆ ಚಾಚಿ ಇಡಬೇಕು. ಬೆರಳಿನ ನಡುಗಂಟಿನ ಗೆರೆ ತೂತಿನ ಹತ್ತಿರದ ಅಂಚನ್ನು ದಾಟಿ ಕಾಲು ಇಂಚಿನಷ್ಟು ಒಳಗೆ ಬಂದರೆ ಸರಿ. ಗೆರೆ ಅಂಚನ್ನು ಮುಟ್ಟದಿದ್ದರೆ ಅಂತರ ಹೆಚ್ಚು, ಹೆಬ್ಬೆರಳಿನ ಬುಡ ಹರಿದಂತೆ ಎಳೆಯುತ್ತದೆ. ತೀರಾ ದಾಟಿದರೆ ಅಂತರ ಕಡಿಮೆ, ಮತ್ತೆ ಹಿಸುಕುವುದೇ. ಮೂರೂ ಬೆರಳು ಒಳಗಿದ್ದಾಗ ಅಂಗೈಗೂ ಚೆಂಡಿಗೂ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಜಾಗ ಇರಬೇಕು. ಈ ಪರೀಕ್ಷೆ ಮಕ್ಕಳ ಪಾಲಿಗೆ. ಅಜ್ಜನ ಬೆರಳಿನ ಗೆರೆ ಅಜ್ಜನಿಗಿಂತ ನಿಮಗೆ ಚೆನ್ನಾಗಿ ಕಾಣುತ್ತದೆ.

ಇಲ್ಲಿ ಒಂದು ತೊಡಕಿದೆ. ಚೆಂಡಿನ ಮೇಲೆ ಬರೆದ ಸಂಖ್ಯೆ ಪೌಂಡಿನ ಲೆಕ್ಕ. 16 ಎಂದರೆ ಸುಮಾರು 7 ಕಿಲೋ 250 ಗ್ರಾಂ, ಅದಕ್ಕಿಂತ ಭಾರದ ಚೆಂಡು ಆಟದಲ್ಲಿಲ್ಲ. ನನ್ನಂಥವರಿಗೆ 8 ಸಾಕು, ಸುಮಾರು 3 ಕಿಲೋ 600 ಗ್ರಾಂ, ಆರೇಳು ಸುಲಿದ ಕಾಯಿಯ ತೂಕ. ಆದರೆ ಹಗುರ ಚೆಂಡೆಂದರೆ ಸಾಮಾನ್ಯವಾಗಿ ಮಕ್ಕಳಿಗೆಂದು ಸಣ್ಣ ತೂತು ಕೊರೆದದ್ದು. ಮುದುಕರ ತೋಳಿಗೆ ಮಕ್ಕಳ ಚೆಂಡು ಬೇಕು, ಊದಿದ ಗಂಟಿಗೆ ಯುವಕರ ತೂತು ಬೇಕು. ಮೇಲಾಗಿ ಬೆರಳಿನ ಗಂಟು ದಪ್ಪ, ಅದರ ಕೆಳಗೆ ಬೆರಳು ಸಪೂರ. ಬಳೆ ತೊಡಿಸುವವರಿಗೆ ಇದು ಗೊತ್ತು: ಗಂಟು ದಾಟಿದ ಬಳೆ ಮಣಿಕಟ್ಟಿನಲ್ಲಿ ಸಡಿಲ.

ಬೆಂಗಳೂರಿನಲ್ಲಿ ನಾನೂ ಮೊಮ್ಮಗನೂ ಕಪಾಟಿನ ಚೆಂಡುಗಳನ್ನು ಒಂದೊಂದಾಗಿ ನೋಡಿದೆವು. ಏಳನೆಯದು ಪರವಾಗಿಲ್ಲ ಎನಿಸಿತು. ಗಂಟು ದಾಟಿತು, ಕೆಳಗೆ ಸ್ವಲ್ಪ ಸಡಿಲ. ಹೆಬ್ಬೆರಳಿನ ಗಂಟಿನ ಕೆಳಗೆ ಬಟ್ಟೆಯ ಟೇಪ್ ಎರಡು ಸುತ್ತು ಸುತ್ತಿಕೊಂಡೆ. ಸ್ವಂತ ಚೆಂಡು ಇರುವವರು ತೂತಿನ ಒಳಗೋಡೆಗೇ ಟೇಪ್ ಅಂಟಿಸುತ್ತಾರೆ. ಆಡುತ್ತ ಬೆರಳು ಊದಿದರೆ ಒಂದು ಪದರ ಕಿತ್ತರಾಯಿತು. ಹರಿತ ಅಂಚನ್ನು ಉಜ್ಜಿ ದುಂಡಗೆ ಮಾಡಿಸಬಹುದು, ಬೇಕಾದರೆ ಹಳೆಯ ತೂತು ಮುಚ್ಚಿಸಿ ಕೈಯ ಅಳತೆಗೆ ಹೊಸದು ಕೊರೆಸಲೂಬಹುದು. ಬಾಡಿಗೆ ಚೆಂಡಿಗೆ ಅದೆಲ್ಲ ಇಲ್ಲ, ಟೇಪ್ ಅಂಟಿಸುವುದಾದರೂ ಅವರನ್ನು ಕೇಳಿಯೇ. ಕಪಾಟಿನಿಂದ ಎತ್ತುವಾಗ ಬೆರಳು ತೂರಿಸದೆ ಎರಡು ಅಂಗೈಯಲ್ಲಿ ಕಲಶ ಎತ್ತಿದ ಹಾಗೆ ಎತ್ತಬೇಕು. ಬೀಸುವ ಗಳಿಗೆಯವರೆಗೆ ಎಡಗೈ ಕೆಳಗಿರಬೇಕು.

ನನ್ನ ಮೊದಲ ಚೆಂಡು ಪಕ್ಕದ ಕಾಲುವೆಗೆ ಹೋಯಿತು. ಎರಡನೆಯದಕ್ಕೆ ನಾಲ್ಕು ಗೂಟ. ಹೆಬ್ಬೆರಳು ಸುಮ್ಮನಿತ್ತು.

ಹೆಬ್ಬೆರಳು ಒಪ್ಪದವರಿಗೆ ಇನ್ನೊಂದು ದಾರಿ ಉಂಟು. ಆಸ್ಟ್ರೇಲಿಯದ ಜೇಸನ್ ಬೆಲ್ಮಾಂಟ್ ಎಂಬ ಜಗತ್ಪ್ರಸಿದ್ಧ ಆಟಗಾರ ಹೆಬ್ಬೆರಳನ್ನು ತೂತಿಗೆ ಹಾಕುವುದೇ ಇಲ್ಲ, ಎರಡೂ ಕೈ ಸೇರಿಸಿ ಉರುಳಿಸುತ್ತಾರೆ. ತಂದೆತಾಯಿಯ ಬೌಲಿಂಗ್ ಕೇಂದ್ರದಲ್ಲಿ ಆಡತೊಡಗಿದಾಗ ಅವರಿನ್ನೂ ಎಳೆಯ ಮಗು, ಒಂದು ಕೈಯಲ್ಲಿ ಚೆಂಡು ಏಳುತ್ತಿರಲಿಲ್ಲ. ಆಗ ಹಿಡಿದ ರೀತಿಯನ್ನು ದೊಡ್ಡವರಾದ ಮೇಲೂ ಬಿಡಲಿಲ್ಲ. ಬೆನ್ನು ಗಟ್ಟಿ ಇಲ್ಲದವರು ಅವರಂತೆ ಬಾಗಿ ಓಡುವುದು ಬೇಡ, ನಿಂತಲ್ಲಿಂದಲೇ ಎರಡು ಕೈಯಲ್ಲಿ ಉರುಳಿಸಿದರೆ ಸಾಕು. ಚೆಂಡನ್ನು ಇಟ್ಟು ತಳ್ಳುವ ಜಾರುಬಂಡಿಯಂಥ ಚೌಕಟ್ಟೂ ಅನೇಕ ಕಡೆ ಇರುತ್ತದೆ. ಮಕ್ಕಳಿಗೆಂದು ಇಟ್ಟದ್ದು, ಅಜ್ಜಿಯರೂ ಕೇಳಿ ಪಡೆಯಬಹುದು.

ಥೆರಪಿಸ್ಟ್ ಹೇಳಿದ ಎಚ್ಚರಿಕೆಯನ್ನೂ ಬರೆಯಬೇಕು. ಗಂಟು ಕೆಂಪಾಗಿ ಬಿಸಿಯಾಗಿದ್ದರೆ ಆಟ ಬೇಡ. ಬೆಳಗ್ಗೆ ಎದ್ದಾಗ ಬೆರಳಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕು. ಆಡಿದ ಮೇಲೆ ಹೆಬ್ಬೆರಳು ಜೋಮು ಹಿಡಿದರೆ ತೂತಿನ ಅಂಚು ನರವನ್ನು ಒತ್ತುತ್ತಿದೆ ಎಂದು ತಿಳಿದು ಚೆಂಡು ಕೆಳಗಿಡಬೇಕು.

ಊರಿಗೆ ಮರಳಿದ ಮೇಲೆ ಕಂಡವರ ಕೈ ನೋಡುವ ಚಾಳಿ ಹತ್ತಿತು. ಕಾರ್ಕಳಕ್ಕೆ ಮದುವೆಗೆ ಹೋದವನು ಕಲ್ಲು ಕೆತ್ತುವ ಶೆಡ್ಡಿನ ಮುಂದೆ ನಿಂತೆ. 1432ರಲ್ಲಿ 42 ಅಡಿಯ ಗೊಮ್ಮಟ ನಿಂತ ಊರದು. ಉಳಿ ಹಿಡಿದಾತನ ಬೆರಳುಗಳು ಎಷ್ಟು ಸಡಿಲವಾಗಿದ್ದವೆಂದರೆ ಉಳಿ ಕೈಯಲ್ಲಿ ತಂಗಿದಂತಿತ್ತೇ ಹೊರತು ಹಿಡಿದಂತಿರಲಿಲ್ಲ. ಕಾಪುವಿನ ದೀಪಸ್ತಂಭದ ಹತ್ತಿರ ನಮ್ಮ ಶಾಖೆಯ ಹಳೆಯ ಗ್ರಾಹಕರೊಬ್ಬರಿದ್ದಾರೆ, ದೋಣಿ ಬಿಟ್ಟು ಮನೆಯಲ್ಲಿರುವವರು. ಅವರು ಕತ್ತಿಯ ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದರು. ಹಿಡಿ ದಪ್ಪವಾದರೆ ಕಡಿಮೆ ಒತ್ತಿದರೂ ಜಾರುವುದಿಲ್ಲ. ಯಾರು ಹೇಳಿಕೊಟ್ಟರು ಎಂದರೆ, ಬೆರಳೇ ಹೇಳಿತು ಮಾರಾಯ್ರೆ ಎಂದರು.

ಅವರಿಂದ ಒಂದು ಗೇಣು ಟ್ಯೂಬ್ ತಂದೆ. ಮನೆಯಾಕೆಯ ಸೌಟಿಗೆ ಅರ್ಧ, ನನ್ನ ಪೆನ್ನಿಗೆ ಅರ್ಧ. ನವೆಂಬರಿನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ಸಹಿ ಮಾಡಲು ಹೋದಾಗ ಕೌಂಟರಿನ ಹುಡುಗಿ ಪೆನ್ನನ್ನು ತಿರುಗಿಸಿ ನೋಡಿ, ಇದು ಎಲ್ಲಿ ಸಿಗುತ್ತದೆ, ನಮ್ಮಜ್ಜಿಗೆ ಬೇಕಿತ್ತು ಎಂದಳು. ಸೈಕಲ್ ಅಂಗಡಿಯಲ್ಲಿ ಎಂದೆ.