ಪ್ರೇಮಕಥೆಯಲ್ಲಿ ದುಆಗೂ ಜಾಗವಿದೆ

ಪ್ರೇಮಕಥೆಯೊಳಗೆ ದೀನ್ ಬಂದರೆ ಅದು ಉಪದೇಶವಾಗುತ್ತದೆ, ಕಥೆ ಉಳಿಯುವುದಿಲ್ಲ ಎಂದು ಕೆಲವು ಗೆಳತಿಯರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕನ್ನಡದ ಎಷ್ಟೋ ಪ್ರೇಮ ಕಾದಂಬರಿಗಳಲ್ಲಿ ನಾಯಕಿ ತುಳಸಿಕಟ್ಟೆಗೆ ದೀಪ ಹಚ್ಚುತ್ತಾಳೆ, ಗೌರಿ ಹಬ್ಬಕ್ಕೆ ತವರಿಗೆ ಹೋಗುತ್ತಾಳೆ. ಅವನ್ನು ಯಾರೂ ಧಾರ್ಮಿಕ ಕಾದಂಬರಿ ಎನ್ನುವುದಿಲ್ಲ. ಅದು ಆ ಮನೆಯ ದಿನಚರಿ, ಅಷ್ಟೆ.

ನಮ್ಮಂಥ ಮನೆಗಳ ದಿನಚರಿಯನ್ನು ಹಾಗೆ ಸಹಜವಾಗಿ ಕನ್ನಡಕ್ಕೆ ತಂದವರಲ್ಲಿ ಸಾರಾ ಅಬೂಬಕ್ಕರ್ ಪ್ರಮುಖರು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, 2023ರಲ್ಲಿ ತೀರಿಕೊಂಡ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾ ಮತ್ತು ರಶೀದ್ ಅವರದು ನಿಕಾಹ್ ಆದ ಮೇಲೆ ಬೆಳೆದ ಪ್ರೀತಿ. ತಂದೆಯ ಹಟದಿಂದ ಅವಳಿಗೆ ತಲಾಖ್ ಆಗುತ್ತದೆ. ಇಬ್ಬರಿಗೂ ಮತ್ತೆ ಸೇರುವ ಆಸೆ. ಆದರೆ ಅದಕ್ಕೆ ಮೊದಲು ಅವಳು ಬೇರೊಬ್ಬನನ್ನು ಮದುವೆಯಾಗಿ ಅವನಿಂದ ತಲಾಖ್ ಪಡೆಯಬೇಕು ಎನ್ನುತ್ತಾರೆ. ಕೊನೆಗೆ ಅವಳು ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ಇದನ್ನು ಧರ್ಮದ ವಿರುದ್ಧ ಬರೆದ ಪುಸ್ತಕ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ನಾದಿರಾಳಿಗೆ ನಂಬಿಕೆಯೇ ಇಲ್ಲದಿದ್ದರೆ ರಶೀದನ ಜೊತೆ ಬೇರೆ ಊರಿಗೆ ಹೋಗಿಬಿಡಬಹುದಿತ್ತು. ಆಗ ಕಥೆಯೇ ಇರುತ್ತಿರಲಿಲ್ಲ. ಅವಳಿಗೆ ರಶೀದನೂ ಬೇಕು, ಅಲ್ಲಾಹನ ಭಯವೂ ಇದೆ. ಎರಡನ್ನೂ ಬಿಡಲಾಗದ ಸಂಕಟವೇ ನಮ್ಮನ್ನು ಅಳಿಸುತ್ತದೆ. ಮೊದಲೇ ಮಾತಾಡಿಕೊಂಡು ಹಲಾಲಾ ಮಾಡುವವರನ್ನು ಹದೀಸ್ ಶಪಿಸುತ್ತದೆ ಎಂಬುದನ್ನೂ ನಾವು ನೆನಪಿಡಬೇಕು. ಕಾದಂಬರಿಯ ಪ್ರಶ್ನೆ ದೀನನ್ನು ತಮಗೆ ಬೇಕಾದ ಹಾಗೆ ಬಳಸುವವರಿಗೆ.

ಆದರೆ ನನ್ನದೂ ಒಂದು ತಕರಾರಿದೆ. ಮುಸ್ಲಿಂ ಹುಡುಗಿಯ ಕಥೆ ಎಂದರೆ ತಲಾಖ್ ಬರಲೇಬೇಕೆ? ಹಳೇ ಹುಬ್ಬಳ್ಳಿಯಲ್ಲಿ ಫಜ್ರ್ ನಮಾಜ್ ಮುಗಿಸಿ, ಚಿಗರಿ ಬಸ್ಸಿನಲ್ಲಿ ಧಾರವಾಡದ ಕಾಲೇಜಿಗೆ ಹೋಗುವ ಹುಡುಗಿಗೂ ಒಂದು ಮನಸ್ಸಿದೆ. ಅಮ್ಮಿಗೂ ಹೇಳದ ಹೆಸರನ್ನು ಅವಳು ದುಆದಲ್ಲಿ ಹೇಳಬಹುದು. ಬಂದ ಸಂಬಂಧದ ಬಗ್ಗೆ ನಿರ್ಧರಿಸುವ ಮೊದಲು ಇಸ್ತಿಖಾರಾ ಮಾಡಬಹುದು. ಇಫ್ತಾರಿನ ಖರ್ಜೂರ ಪಕ್ಕದ ಮನೆಗೆ ಕೊಡಲು ಹೋದಾಗ ಕೈ ನಡುಗಬಹುದು. ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ, ಕ್ಷಮೆ ಕೇಳಬೇಕಾಗಿಯೂ ಇಲ್ಲ.

ಇಂಥ ಕಥೆಗಳನ್ನು ಹೊರಗಿನವರು ಬರೆಯಲಿ ಎಂದು ಕಾಯುವುದೇಕೆ? ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಮಾತಾಡುವ ನಾವೇ ಬರೆಯಬಹುದು. ಉಪನ್ಯಾಸಕರು ಸಾರಾ ಅವರ ಪುಸ್ತಕಗಳನ್ನು ಓದಲು ಹೇಳಲಿ. ಓದಿ ಸುಮ್ಮನಾಗಬೇಡಿ, ಮುಂದಿನ ಸಂಚಿಕೆಗೆ ನಿಮ್ಮದೊಂದು ಕಥೆ ಕೊಡಿ.